ನಮ್ಮ ಗಾಡಿಯ ಹಲ್ಲು ಬದಲಾಯಿಸಿದ್ದು

ನನ್ನ ಬರೆಯುವ ಮೇಜಿನ ಮೇಲೆ ಉಕ್ಕಿನ ಒಂದು ವಸ್ತುವಿದೆ. ಗೇಣುದ್ದ ಇರಬಹುದು. ಒಂದು ತುದಿಗೆ ದಪ್ಪ ತಲೆ, ತಲೆಯ ಸುತ್ತ ಅನಾನಸ್ ಹಣ್ಣಿನ ಮೈಯಂತೆ ಓರೆಯಾಗಿ ತಿರುಚಿಕೊಂಡ ಹಲ್ಲುಗಳು. ಇನ್ನೊಂದು ಕಡೆ ಕೈಗೆ ಹಿಡಿ ಸಿಗುವಂಥ ದಂಡ. ಫ್ಯಾನಿನ ಗಾಳಿಗೆ ಕಾಗದ ಹಾರದಿರಲಿ ಎಂದು ಇಟ್ಟುಕೊಂಡಿದ್ದೇನೆ. ಮನೆಗೆ ಬಂದವರು ಕಾಫಿ ಲೋಟ ಕೈಗೆ ಬರುವುದಕ್ಕೂ ಮುಂಚೆ ಅದನ್ನು ಎತ್ತಿ ನೋಡಿ, ಭಾರಕ್ಕೆ ಬೆಚ್ಚಿ, ಕೆಳಗಿಡುತ್ತಾರೆ. ಬ್ಯಾಂಕಿನ ಹೊಸ ಮ್ಯಾನೇಜರ್ "ಆಂಟೀಕ್ ಪೀಸಾ ಮೇಡಮ್?" ಎಂದು ಗೌರವದಿಂದ ಕೇಳಿದರು. ನೆಂಟರ ಹೆಂಗಸೊಬ್ಬಳು ಯಾವುದೋ ದೇವರಿರಬೇಕೆಂದು ಮುಟ್ಟಿ ಕಣ್ಣಿಗೊತ್ತಿಕೊಂಡಳು. ನನ್ನ ಓರಗಿತ್ತಿ ಜಯಮ್ಮ ಮಾತ್ರ ಯಾವ ಭಯಭಕ್ತಿಯೂ ಇಲ್ಲದೆ ಒಂದು ದಿನ ಅದರಿಂದ ಶುಂಠಿ ಜಜ್ಜಿ, ತೊಳೆದು, ಮತ್ತೆ ಕಾಗದಗಳ ಮೇಲೆ ಇಟ್ಟಿದ್ದಳು. ಆ ವಾರ ನಾನು ಬರೆದದ್ದೆಲ್ಲ ಕಷಾಯದ ವಾಸನೆ ಹೊಡೆಯಿತು.

ಅದರ ಹೆಸರು ಪಿನಿಯನ್. ನಮ್ಮ ಮನೆಯ ಫೋರ್ ವೀಲ್ ಡ್ರೈವ್ ಪಿಕಪ್ಪಿನ ಹಿಂದಿನ ಆಕ್ಸಲ್ಲಿನ, ಅಂದರೆ ಗಾಲಿಯ ಅಚ್ಚಿನ, ಹೊಟ್ಟೆಯೊಳಗೆ ಎಷ್ಟೋ ವರ್ಷ ಎಣ್ಣೆಯಲ್ಲಿ ಮುಳುಗಿಕೊಂಡು ತಿರುಗಿದ ಜೀವ. ಈಗ ರಿಟೈರ್ ಆಗಿ ನನ್ನ ಜೊತೆ ಕೂತಿದೆ. ಈ ವಯಸ್ಸಿನ ಹೆಂಗಸಿನ ಮೇಜಿನ ಮೇಲೆ ಇರಬೇಕಾದದ್ದು ಕನ್ನಡಕದ ಡಬ್ಬಿ, ಬೀಪಿ ಮಾತ್ರೆ, ಹೆಚ್ಚೆಂದರೆ ಒಂದು ಜಪಮಣಿ ಎಂದು ನೀವು ಅಂದುಕೊಂಡಿದ್ದರೆ, ಅಫ್‌ಕೋರ್ಸ್, ಅವೂ ಇವೆ. ಪಿನಿಯನ್ನಿನ ಪಕ್ಕದಲ್ಲೇ ಇವೆ.

ಹಲ್ಲಿನ ಗಾಲಿಗಳ ಜೊತೆ ನನ್ನ ಸ್ನೇಹ ಹಳೆಯದು. ನಮ್ಮ ತಂದೆ ರೇಷ್ಮೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿದ್ದರು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಂದು ಸದಾ ಸುತ್ತುತ್ತಿದ್ದವರು. ಮೈಸೂರಿನ ಕಾನ್ವೆಂಟ್ ಹಾಸ್ಟೆಲಿಗೆ ನನ್ನನ್ನು ನೋಡಲು ಬಂದಾಗ ಒಮ್ಮೆ ಚನ್ನಪಟ್ಟಣದಿಂದ ಒಂದು ಆಟಿಕೆ ತಂದಿದ್ದರು. ಒಂದು ಹಲಗೆ, ಅದರ ಮೇಲೆ ಕೆಂಪು ಬಣ್ಣದ ಪುಟ್ಟ ಹಲ್ಲಿನ ಗಾಲಿ, ಅದಕ್ಕೆ ಕಚ್ಚಿಕೊಂಡಂತೆ ಹಳದಿ ಬಣ್ಣದ ದೊಡ್ಡ ಗಾಲಿ. ಅರಗಿನ ಬಣ್ಣದ ಆ ಹೊಳಪು ನೋಡಿದರೆ ನೆಕ್ಕಬೇಕು ಅನಿಸುತ್ತಿತ್ತು, ನೆಕ್ಕಿಯೂ ಇದ್ದೇನೆ. ಪುಟ್ಟ ಗಾಲಿ ನಾಲ್ಕಾರು ಸುತ್ತು ಕುಣಿದರೆ ದೊಡ್ಡದು ಗತ್ತಿನಿಂದ ಒಂದು ಸುತ್ತು ಬರುತ್ತಿತ್ತು. ನಾನು ಮಾಡುತ್ತಿದ್ದದ್ದು ಉಲ್ಟಾ. ದೊಡ್ಡದನ್ನು ತಿರುಗಿಸುವುದು, ಪುಟ್ಟದು ಬುರ್ರನೆ ಸುತ್ತುವುದನ್ನು ನೋಡುವುದು. ಹಾಗೆ ತಿರುಗಿಸಲು ಬೆರಳು ನೋಯುತ್ತಿತ್ತು. ಪುಟ್ಟದನ್ನು ತಿರುಗಿಸಿದರೆ ಬೆರಳಿಗೆ ಗೊತ್ತೇ ಆಗುತ್ತಿರಲಿಲ್ಲ. ಆಕ್ಸಲ್ ರೇಷಿಯೋ ಎಂದರೆ ಅಷ್ಟೇ, ಮತ್ತೇನಿಲ್ಲ. ಎಂಜಿನ್ನಿನಿಂದ ಬರುವ ಉದ್ದನೆಯ ಶಾಫ್ಟು ಎಷ್ಟು ಸಲ ತಿರುಗಿದರೆ ಚಕ್ರ ಒಂದು ಸಲ ತಿರುಗುತ್ತದೆ ಎನ್ನುವ ಲೆಕ್ಕ. ಹೆಚ್ಚು ಸಲ ತಿರುಗಿದರೆ ಚಕ್ರಕ್ಕೆ ಬಲ ಹೆಚ್ಚು, ಓಟ ಕಡಿಮೆ. ಇಷ್ಟು ತಿಳಿಯಲು ಇಂಜಿನಿಯರಿಂಗ್ ಓದಬೇಕಾಗಿಲ್ಲ, ಬೆರಳು ನೊಂದಿದ್ದರೆ ಸಾಕು.

ಗಾಡಿ ಓಡಿಸುವುದನ್ನು ಕಲಿಸಿದವರು ಸಿಸ್ಟರ್ ಆಗ್ನೆಸ್. ಕಾನ್ವೆಂಟಿಗೆ ಒಂದು ಹಳೇ ಜೀಪಿತ್ತು. ಸಿಸ್ಟರ್ ಬಿಳಿ ನಿಲುವಂಗಿಯನ್ನು ಮೊಣಕಾಲವರೆಗೆ ಎತ್ತಿ ಸಿಕ್ಕಿಸಿಕೊಂಡು, ದೇವರಾಜ ಮಾರ್ಕೆಟ್ಟಿನಿಂದ ಕುಂಬಳಕಾಯಿ, ಎಲೆಕೋಸು ತುಂಬಿಕೊಂಡು, ಟಾಂಗಾಗಳ ನಡುವೆ ಅದನ್ನು ಓಡಿಸುತ್ತಿದ್ದರು. ಡಿಗ್ರಿ ಓದುವ ದೊಡ್ಡ ಹುಡುಗಿಯರಲ್ಲಿ ತಲೆಯ ಮೇಲೆ ಪುಸ್ತಕ ಬೀಳದಂತೆ ನಡೆಯಬಲ್ಲವರಿಗೆ ಮಾತ್ರ ಸ್ಟೀರಿಂಗ್ ಕೊಡುತ್ತಿದ್ದರು. ಪೋಸ್ಚರ್, ಮೈ ಗರ್ಲ್, ಪೋಸ್ಚರ್. ಕ್ಲಚ್ ಮೇಲೆ ಕಾಲಿಟ್ಟು ಕೂತರೆ ಅಡಿಕೋಲಿನಿಂದ ಮೊಣಕಾಲಿಗೆ ಒಂದು ಬೀಳುತ್ತಿತ್ತು. ಆ ಏಟಿನ ಪುಣ್ಯ, ಇವತ್ತಿಗೂ ನನ್ನ ಕ್ಲಚ್ ಪ್ಲೇಟು ಊರಿನ ಯಾವ ಗಂಡಸಿನ ಕ್ಲಚ್ ಪ್ಲೇಟಿಗಿಂತಲೂ ಹೆಚ್ಚು ಬಾಳುತ್ತದೆ. ಜಂಬ ಅಂದುಕೊಳ್ಳಿ, ಪರವಾಗಿಲ್ಲ.

ಮದುವೆಯಾಗಿ ಸಾತನೂರಿನ ಹತ್ತಿರದ ಈ ಊರಿಗೆ ಬಂದಾಗ ನನಗೆ ಬೇರೆ ಏನೂ ಬರುತ್ತಿರಲಿಲ್ಲ. ಹಾಲು ಕರೆಯಲು ಕೂತರೆ ಎಮ್ಮೆ ನನ್ನನ್ನು ತಿರುಗಿ ನೋಡುತ್ತಿತ್ತು, ಬೇರೆ ಯಾರಾದರೂ ಬರುತ್ತಾರೇನೋ ಎಂದು. ಮುದ್ದೆ ತಿರುವಿದರೆ ಗಂಟು. ಸಾವಿನ ಮನೆಯಲ್ಲಿ ಎಲ್ಲರಂತೆ ರಾಗ ಎಳೆದು ಅಳಲು ಬಾರದೆ ಕರ್ಚೀಫು ಹಿಡಿದು ನಿಂತರೆ, ನಮ್ಮತ್ತೆ "ನಮ್ ಸೊಸೆ ಇಂಗ್ಲೀಸಲ್ಲಿ ಅಳ್ತಾವ್ಳೆ" ಎಂದು ಸಮಜಾಯಿಷಿ ಕೊಡುತ್ತಿದ್ದರು. ಆಮೇಲೆ ನಮ್ಮ ಯಜಮಾನರು ಈ ಪಿಕಪ್ ತಂದರು. ಅವರ ಡ್ರೈವಿಂಗ್, ಟು ಬಿ ಫ್ರ್ಯಾಂಕ್, ಎತ್ತಿನ ಗಾಡಿಯದು: ತಿರುವಿನಲ್ಲಿ ಬಾಯಲ್ಲಿ ಲೊಚಗುಟ್ಟುತ್ತಿದ್ದರು. ಒಂದು ದಿನ ಸುಸ್ತಾಗಿ ಬೀಗದ ಕೈಯನ್ನು ನನ್ನ ಕಡೆ ಚಾಚಿ, "ನೀನೇ ಹೊಡಿ" ಅಂದರು. ಅವತ್ತಿನಿಂದ ಹೊಡೆಯುತ್ತಿದ್ದೇನೆ. ಅವರು ಹೋದ ಮೇಲೂ. ಮನೆಯಲ್ಲಿ ರೇಷ್ಮೆಹುಳು ಸಾಕುವುದು ಜಯಳದು, ಹೊಲ ತೋಟ ನನ್ನ ಮೈದುನ ಚಿಕ್ಕಣ್ಣನದು, ಸ್ಟೀರಿಂಗ್ ನನ್ನದು. ಈ ಮನೆಯಲ್ಲಿ ನನಗಿರುವ ಕೆಲಸ ಅದೊಂದೇ ಎನ್ನುವುದನ್ನು ನೀವು ಮರೆಯಬೇಡಿ, ಮುಂದಿನ ಕಥೆಯೆಲ್ಲ ಅದರ ಮೇಲೆಯೇ ನಿಂತಿದೆ.

ನಮ್ಮ ಹಿಪ್ಪುನೇರಳೆ ತೋಟ ಇರುವುದು ಕೆಳಗೆ ಹಳ್ಳದ ಪಕ್ಕ, ಹುಳುವಿನ ಮನೆ ಇರುವುದು ಮೇಲೆ ಬೋರೆಯ, ಅಂದರೆ ಗುಡ್ಡದ, ನೆತ್ತಿಯಲ್ಲಿ. ಕೆಳಗೆ ಅಕ್ಕಪಕ್ಕದವರು ತೆಂಗಿಗೆ, ಬಾಳೆಗೆ ಔಷಧಿ ಹೊಡೆಯುತ್ತಾರೆ, ಅದರ ಗಾಳಿ ಸೋಕಿದರೂ ರೇಷ್ಮೆಹುಳು ಬದುಕುವುದಿಲ್ಲ. ಅದಕ್ಕೇ ಮೇಲೆ ಕಟ್ಟಿದ್ದು. ಹುಳು ನಾಲ್ಕು ಸಲ ತಿನ್ನುವುದು ಬಿಟ್ಟು ಮಲಗಿ ಪೊರೆ ಕಳಚುತ್ತದೆ. ಅದನ್ನು ನಮ್ಮ ಕಡೆ ಜ್ವರ ಅನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಹುಳುವಿನ ಹಸಿವು ಎಂಥದ್ದೆಂದರೆ, ಬಾಗಿಲ ಹೊರಗೆ ನಿಂತರೂ ಒಳಗೆ ಸೊಪ್ಪು ತಿನ್ನುವ ಸದ್ದು ಜಿಟಿಜಿಟಿ ಮಳೆಯಂತೆ ಕೇಳುತ್ತದೆ. ಆಗ ಬೆಳಿಗ್ಗೆ ಒಂದು ಲೋಡು, ಸಂಜೆ ಒಂದು ಲೋಡು ಸೊಪ್ಪು ಬೋರೆ ಹತ್ತಲೇಬೇಕು. ಟ್ರ್ಯಾಕ್ಟರಿಗೆ ಟ್ರೈಲರ್ ಕಟ್ಟಿದರೆ ಮಧ್ಯದ ತಿರುವಿನಲ್ಲಿ ಹೊರಳುವುದಿಲ್ಲ. ಪಿಕಪ್ಪೇ ಆಗಬೇಕು.

ದಾರಿಯ ಅರ್ಧ ಮಣ್ಣು, ಅರ್ಧ ಬರೀ ಹಾಸುಬಂಡೆ. ಆ ದಾರಿಯಲ್ಲಿ ಒಂದು ಪದ್ಧತಿ ಇದೆ, ಎತ್ತಿನ ಗಾಡಿಯ ಕಾಲದ್ದು. ಗಾಡಿ ಏರು ಹತ್ತುವಾಗ ಒಬ್ಬರು ತಲೆಗಾತ್ರದ ಒಂದು ಕಲ್ಲು ಹಿಡಿದು ಹಿಂದೆ ನಡೆಯಬೇಕು. ಎಲ್ಲಾದರೂ ಗಾಡಿ ಸೋತು ನಿಂತರೆ ತಕ್ಷಣ ಗಾಲಿಯ ಹಿಂದಕ್ಕೆ ಕಲ್ಲು ಕೊಡಬೇಕು. ಎತ್ತುಗಳು ಹೋಗಿ ಎಂಜಿನ್ ಬಂದರೂ ಕಲ್ಲು ಹೋಗಲಿಲ್ಲ. ಚಿಕ್ಕಣ್ಣ ಅದನ್ನು ಹಿಡಿದು ನನ್ನ ಹಿಂದೆ ನಡೆಯುತ್ತಾನೆ. ನಾನು ಈ ಮನೆಗೆ ಬಂದಾಗ ಚಡ್ಡಿ ಹಾಕಿಕೊಂಡು ಸ್ಕೂಲಿಗೆ ಹೋಗುತ್ತಿದ್ದವನು. ಈಗ ಅವನ ಮೀಸೆಯೂ ಬೆಳ್ಳಗಾಗಿದೆ. ಕನ್ನಡಿಯಲ್ಲಿ ನನಗೆ ಕಾಣುವುದು ಆ ಮೀಸೆ ಮತ್ತು ಆ ಕಲ್ಲು. ಹೆಚ್ಚಿನ ದಿನ ಕಲ್ಲಿಗೆ ಕೆಲಸವೇ ಇರುತ್ತಿರಲಿಲ್ಲ, ಸುಮ್ಮನೆ ಒಂದು ಧೈರ್ಯ.

ಕಲ್ಲಿಗೆ ಕೆಲಸ ಶುರುವಾದದ್ದು ಟೈರಿನಿಂದ. ಬಂಡೆಯ ಏಣುಗಳು ಗಾಡಿಯ ಹೊಟ್ಟೆಗೆ ತಾಗುತ್ತವೆ ಎಂದು ಚಿಕ್ಕಣ್ಣ ಒಂದು ದಿನ ಬಿಡದಿಗೆ ಹೋಗಿ, ತಟ್ಟೆ ಇಡ್ಲಿ ತಿಂದು, ಇಷ್ಟೆತ್ತರದ ದೊಡ್ಡ ಟೈರುಗಳನ್ನು ಹಾಕಿಸಿಕೊಂಡು ಬಂದ. ಗಾಡಿ ಅಂಗಳಕ್ಕೆ ಬಂದು ನಿಂತಾಗ ನಾನು ಹತ್ತುವುದಕ್ಕೆ ಮಣೆ ಬೇಕಾಯಿತು.

"ಎಂಗೈತೆ ಅತ್ಗೆ? ಆನೆ ಇದ್ದಂಗಿಲ್ವಾ?"

"ಇದೆ ಚಿಕ್ಕಣ್ಣ. ಆದರೆ ಎಂಜಿನ್ ಹಳೇದೇ ಅಲ್ಲವಾ?"

"ಎಂಜಿನ್‌ಗೂ ಟೈರ್‌ಗೂ ಏನ್ ಸಂಬಂಧ ಬುಡಿ. ಅದು ಮುಂದ್ಗಡೆ, ಇದು ಕೆಳ್ಗಡೆ."

ಸಂಬಂಧ ಮಾರನೆಯ ದಿನವೇ ಗೊತ್ತಾಯಿತು. ದೊಡ್ಡ ಟೈರು ಒಂದು ಸುತ್ತಿಗೆ ಹೆಚ್ಚು ದೂರ ಹೋಗುತ್ತದೆ, ಅಂದರೆ ಅದನ್ನು ತಿರುಗಿಸಲು ಹೆಚ್ಚು ಬಲ ಬೇಕು. ನನ್ನ ಹಳದಿ ಗಾಲಿಯ ಕಥೆಯೇ. ಫಸ್ಟ್ ಗೇರಿನಲ್ಲೂ ಗಾಡಿ ಏದುಸಿರು ಬಿಟ್ಟು, ಹಾಸುಬಂಡೆ ದಾಟುವಷ್ಟರಲ್ಲಿ ನಿಂತಿತು. ಚಿಕ್ಕಣ್ಣ ಕಲ್ಲು ಕೊಟ್ಟ. ಮತ್ತೆ ಹೊರಟೆ, ಮತ್ತೆ ನಿಂತಿತು, ಮತ್ತೆ ಕಲ್ಲು. ಆ ಲೋಡನ್ನು ಮಂಕರಿಗಳಲ್ಲಿ ಹೊತ್ತು ಸಾಗಿಸಿದೆವು. ನಾನು ಒಂದು ಮಂಕರಿ ಹೊತ್ತೆ. ತಲೆಯ ಮೇಲೆ ಪುಸ್ತಕ ಹೊತ್ತದ್ದು ಇಷ್ಟು ವರ್ಷದ ಮೇಲೆ ಉಪಯೋಗಕ್ಕೆ ಬಂತು.

ಹಳೇ ಟೈರು ಹಾಕಿಸೋಣ ಎಂದರೆ ಚಿಕ್ಕಣ್ಣ ಒಪ್ಪಲಿಲ್ಲ. ಊರಲ್ಲೆಲ್ಲ ಆನೆ ಎಂದು ಹೇಳಿಕೊಂಡು ಬಂದಿದ್ದ. ಬಂಡೆಯ ಏಣು ತಾಗುವುದೂ ಸುಳ್ಳಲ್ಲ. ಅವನು ಕಂಡುಕೊಂಡ ದಾರಿ ಬೇರೆ.

"ಅತ್ಗೆ, ನಿಮಗೂ ವಯಸ್ಸಾಯ್ತು, ಗಾಡಿಗೂ ವಯಸ್ಸಾಯ್ತು. ಈ ಮಳೆಗಾಲ್ದಲ್ಲಿ ಸೊಪ್ಪು ಹೊತ್ಕೊಂಡು ಬೋರೆ ಹತ್ಲಿಲ್ಲ ಅಂದ್ರೆ ಮಾರ್ಬುಡಾನ. ಹುಳದ್ ಮನೇನ ಬಾಡಿಗ್ಗೆ ಕೊಟ್ಬುಡಾನ. ನೀವು ಆರಾಮಾಗಿ ಮನೇಲಿರಿ."

ಆರಾಮಾಗಿ ಮನೆಯಲ್ಲಿರಿ. ಅವನು ಪ್ರೀತಿಯಿಂದಲೇ ಹೇಳಿದ್ದು. ಮಾಗಡಿ ಕಡೆಯವನೊಬ್ಬ ಬಂದು ಗಾಡಿ ನೋಡಿಕೊಂಡೂ ಹೋದ. ಹಲಸಿನ ಹಣ್ಣು ತಟ್ಟಿ ನೋಡುವ ಹಾಗೆ ಬಾನೆಟ್ ತಟ್ಟಿ ನೋಡಿ, ಟೈರು ಮಾತ್ರ ಚೆನ್ನಾಗಿದೆ ಅಂದ. ಅವತ್ತು ಮಧ್ಯಾಹ್ನ ನನಗೆ ಊಟ ಸೇರಲಿಲ್ಲ. ಸ್ಟೀರಿಂಗ್ ಹೋದರೆ ಈ ಮನೆಯಲ್ಲಿ ನಾನು ಯಾರು? ಕರ್ಚೀಫು ಹಿಡಿದು ನಿಂತ ಹೆಂಗಸು, ಅಷ್ಟೇ.

ಜಯ ಫೋನಿನಲ್ಲಿ ಭಜನೆ ನೋಡುತ್ತಾಳೆ. ನಾನು ನೋಡುವುದು ಗಡ್ಡದ ಪರದೇಶಿ ಗಂಡಸರು ಆಕ್ಸಲ್ ಬಿಚ್ಚುವುದನ್ನು. ಎಲ್ಲರಿಗೂ ಒಂದೊಂದು ವೀಕ್‌ನೆಸ್ ಇರುತ್ತದಲ್ಲ. ಹಾಗಾಗಿ ಏನು ಮಾಡಬೇಕೆನ್ನುವುದು ನನಗೆ ಸ್ಪಷ್ಟವಾಗಿತ್ತು. ಟೈರು ದೊಡ್ಡದಾಯಿತೇ, ಆಕ್ಸಲ್ಲಿನೊಳಗಿನ ಹಲ್ಲಿನ ಜೋಡಿಯನ್ನು ಬದಲಾಯಿಸಿದರೆ ಆಯಿತು. ಪಿನಿಯನ್ ಎನ್ನುವ ಪುಟ್ಟ ಗಾಲಿ, ಅದು ಕಚ್ಚಿ ತಿರುಗಿಸುವ ಕ್ರೌನ್ ಎನ್ನುವ ದೊಡ್ಡ ಗಾಲಿ, ಎರಡನ್ನೂ. ನಾನೂ ಚಿಕ್ಕಣ್ಣನೂ ಗಾಡಿ ತೆಗೆದುಕೊಂಡು ಚನ್ನಪಟ್ಟಣದ ಸಿದ್ದರಾಜುವಿನ ಗ್ಯಾರೇಜಿಗೆ ಹೋದೆವು. ಸಿದ್ದರಾಜುವಿನ ತಂದೆ ಗೊಂಬೆ ಕಡೆಯುತ್ತಿದ್ದವರು, ಮಗ ಗಾಡಿ ಬಿಚ್ಚುತ್ತಾನೆ. ಬಾಯಿ ತುಂಬ ಎಲೆಯಡಿಕೆ, ಮಾತು ಅದಕ್ಕಿಂತ ಹೆಚ್ಚು.

"ಸಿದ್ದರಾಜು, ಇದರ ಆಕ್ಸಲ್ ರೇಷಿಯೋ ಬದಲಾಯಿಸಬೇಕು. ಈಗ ನಾಲ್ಕರ ಹತ್ತಿರ ಇದೆ. ಐದರ ಹತ್ತಿರ ಬೇಕು."

ಅವನು ಎಲೆಯಡಿಕೆ ಉಗಿದು ಬಂದ. "ಮೇಡಮ್ನೋರೆ, ನನ್ ಗ್ಯಾರೇಜ್‌ಗೆ ಬಂದೋರೆಲ್ಲ ಸೌಂಡ್ ಬತ್ತದೆ ಅಂತಾರೆ, ಹೊಗೆ ಬತ್ತದೆ ಅಂತಾರೆ. ರೇಷಿಯೋ ಅಂತ ಬಂದೋರು ನೀವೇ ಮೊದ್ಲು. ಕೂತ್ಕಳಿ, ಟೀ ಕುಡೀರಿ."

ಜ್ಯಾಕ್ ಕೊಟ್ಟು ಹಿಂದಿನ ಎರಡೂ ಚಕ್ರ ಎತ್ತಿದ. ಟೈರಿಗೊಂದು, ಶಾಫ್ಟಿಗೊಂದು ಸೀಮೆಸುಣ್ಣದ ಗೆರೆ ಎಳೆದ. ಎರಡೂ ಚಕ್ರವನ್ನು ಒಟ್ಟಿಗೆ ಒಂದು ಸುತ್ತು ತಿರುಗಿಸಿದಾಗ ಶಾಫ್ಟಿನ ಗೆರೆ ಎಷ್ಟು ಸಲ ಮೇಲೆ ಬರುತ್ತದೆಂದು ನಾನು ಬಗ್ಗಿ ಎಣಿಸಿದೆ. ನಾನು ಹೇಳಿದಷ್ಟೇ ಬಂತು. ಪ್ರೈಜ್ ಡೇ ದಿನ ಸ್ಟೇಜಿಗೆ ಹತ್ತಿದ ಹಾಗೆ ಆಯಿತು, ಸುಳ್ಳೇಕೆ ಹೇಳಲಿ.

ತೊಂದರೆ ಬಂದದ್ದು ಆಮೇಲೆ. ಹಿಂದಿನ ಆಕ್ಸಲ್ಲಿಗೆ ಬೇಕಾದ ಜೋಡಿ ಸಿದ್ದರಾಜುವಿನ ಹತ್ತಿರವೇ ಇತ್ತು. ಮುಂದಿನದಕ್ಕೆ ಹುಡುಕಬೇಕು, ವಾರ ಕಳೆಯಬಹುದು ಅಂದ. ಮನೆಯಲ್ಲಿ ಹುಳು ಮೂರನೇ ಜ್ವರ ಎದ್ದಾಗಿತ್ತು.

"ಹಿಂದಿಂದು ಮಾತ್ರ ಹಾಕಪ್ಪ ಸಾಕು," ಅಂದ ಚಿಕ್ಕಣ್ಣ. "ನೂಕೋದು ಹಿಂದ್ಲ ಗಾಲಿ. ಮುಂದಿನವು ಸುಮ್ನೆ ಜೊತ್ಗೆ ಉರುಳ್ತವೆ."

"ಫೋರ್ ವೀಲ್ ಹಾಕಿದಾಗ ಅವೂ ಎಳೆಯುತ್ತವೆ ಚಿಕ್ಕಣ್ಣ. ಹಿಂದಿನದಕ್ಕೆ ಒಂದು ರೇಷಿಯೋ, ಮುಂದಿನದಕ್ಕೆ ಒಂದು ಅಂದರೆ ಒಂದು ನೊಗಕ್ಕೆ ಹಳ್ಳಿಕಾರ್ ಎತ್ತು, ಎಮ್ಮೆಕೋಣ ಎರಡನ್ನೂ ಕಟ್ಟಿದ ಹಾಗೆ. ಒಂದು ಬಿರಬಿರನೆ ನಡೆಯುತ್ತದೆ, ಇನ್ನೊಂದು ನಡೆಯುವುದಿಲ್ಲ."

"ಫೋರ್ ವೀಲ್ ಬೇಕಾಗೋದು ಕೆಸರಾದ್ಮೇಲೆ ತಾನೆ. ಮಳೆ ಬಂದಾಗ ನೋಡ್ಕಳಾನ."

ಸಿದ್ದರಾಜು ಇಬ್ಬರ ಮುಖವನ್ನೂ ನೋಡಿ ನಡುವೆ ಒಂದು ದಾರಿ ಹುಡುಕಿದ. ಈಗ ಹಿಂದಿನದು, ಸಾಮಾನು ಸಿಕ್ಕಾಗ ಮುಂದಿನದು. "ಆದ್ರೆ ಅಲ್ಲೀಗಂಟ ಫೋರ್ ವೀಲ್ ಲಿವರ್ ಮುಟ್ಟಂಗಿಲ್ಲ ಗೌಡ್ರೆ. ಮುಟ್ಟಿದ್ರೆ ನಾನ್ ಜವಾಬ್ದಾರನಲ್ಲ." ಹಾಗಂದು ನೆನಪಿಗಾಗಿ ಲಿವರಿಗೆ ಗೋಣಿ ದಾರ ಸುತ್ತಿ ಮೂರು ಗಂಟು ಹಾಕಿದ.

ಹಲ್ಲು ಕೂರಿಸುವುದನ್ನು ನೋಡಲು ಮಾರನೆಯ ದಿನ ಜಯಳನ್ನೂ ಕರೆದುಕೊಂಡು ಬಸ್ಸಿನಲ್ಲಿ ಹೋದೆ. ಪಿನಿಯನ್ನಿನ ಹಲ್ಲು ಕ್ರೌನಿನ ಹಲ್ಲಿನ ಮಧ್ಯಕ್ಕೆ ಸರಿಯಾಗಿ ಒತ್ತಬೇಕು; ತುದಿಗೆ ಒತ್ತಿದರೆ ಮುರಿಯುತ್ತದೆ, ಬುಡಕ್ಕೆ ಒತ್ತಿದರೆ ಗೊಂಯ್ ಎನ್ನುತ್ತದೆ. ಎಲ್ಲಿ ಒತ್ತುತ್ತಿದೆ ಎಂದು ತಿಳಿಯಲು ಹಲ್ಲಿಗೆ ಬಣ್ಣ ಬಳಿದು ತಿರುಗಿಸಿ ಗುರುತು ನೋಡುತ್ತಾರೆ. ಗಡ್ಡದವರು ಅದಕ್ಕೆ ಟ್ಯೂಬಿನ ಬಣ್ಣ ಬಳಸುತ್ತಾರೆ. ಸಿದ್ದರಾಜು ಎಣ್ಣೆಯಲ್ಲಿ ಅರಿಶಿನ ಕಲಸಿದ. ಅವತ್ತು ಅರಿಶಿನ ಮುಗಿದಿತ್ತು. ಜಯ ಎದುರಿನ ಅಂಗಡಿಯಿಂದ ಒಂದು ಪೊಟ್ಟಣ ತಂದು, ತಾನೇ ಕಲಸಿ, ಮದುಮಗಳ ಕೆನ್ನೆಗೆ ಹಚ್ಚುವ ಹಾಗೆ ಕ್ರೌನಿನ ಹಲ್ಲುಗಳಿಗೆ ಹಚ್ಚಿದಳು. ಸಿದ್ದರಾಜು ಶಾಫ್ಟು ತಿರುಗಿಸಿದ. ಹಳದಿಯ ಮಧ್ಯೆ, ಒಂದೊಂದು ಹಲ್ಲಿನ ನಟ್ಟನಡುವೆ, ಹುಣಸೆ ಬೀಜದಷ್ಟು ಉಕ್ಕಿನ ಹೊಳಪು ಕಂಡಿತು.

"ಕೂತ್ಕತು," ಅಂದ ಸಿದ್ದರಾಜು.

"ಎಲ್ಲಾ ಮದ್ವೇನೂ ಇಂಗೇ ನೋಡಿ ಮಾಡಂಗಿದ್ರೆ ಎಷ್ಟ್ ಚೆನ್ನಾಗಿರದು ಅಲ್ವಾ ಅಕ್ಕ," ಅಂದಳು ಜಯ. ಅವಳ ಗಂಡನೇ ಚಿಕ್ಕಣ್ಣ ಎನ್ನುವುದನ್ನು ಇಲ್ಲಿ ಹೇಳಬೇಕು.

ಹೊಸ ಹಲ್ಲುಗಳನ್ನು ಮೊದಲು ಮೆಲ್ಲಗೆ ಓಡಿಸಿ, ಬಿಸಿಯಾದ ಮೇಲೆ ನಿಲ್ಲಿಸಿ ಆರಲು ಬಿಡಬೇಕು. ಚನ್ನಪಟ್ಟಣದವರು ಇದಕ್ಕೆ ಒಳ್ಳೆಯ ಉಪಾಯ ಮಾಡಿಕೊಂಡಿದ್ದಾರೆ: ಕೆಂಗಲ್‌ವರೆಗೆ ನಿಧಾನ ಹೋಗುವುದು, ಆಂಜನೇಯನ ದರ್ಶನ ಮಾಡಿ ಬರುವಷ್ಟರಲ್ಲಿ ಆಕ್ಸಲ್ ತಣ್ಣಗಾಗಿರುತ್ತದೆ. ನಾವೂ ಹಾಗೇ ಮಾಡಿದೆವು. ಚಿಕ್ಕಣ್ಣ ಅಲ್ಲಿಗೇ ಬಂದು ಸೇರಿಕೊಂಡ. ಗಾಡಿಗೆ ಪೂಜೆಯಾಯಿತು, ಗಾಲಿಯ ಕೆಳಗೆ ನಿಂಬೆಹಣ್ಣಿಟ್ಟು ಹತ್ತಿಸಿದ್ದಾಯಿತು. ಜಯ ಒಳಗೆ ಹತ್ತಿ ನೋಡಿದಳು. ದೇವರ ಮುಂದೆ ನಿಂತ ಗಾಡಿಯಲ್ಲಿ ಕೊಳಕು ಗೋಣಿ ದಾರ ಅವಳ ಕಣ್ಣಿಗೆ ಚುಚ್ಚಿತು. ಅದನ್ನು ಬಿಚ್ಚಿ ಬಿಸಾಡಿ, ಅದೇ ಜಾಗಕ್ಕೆ ಪೂಜೆಯ ಸೇವಂತಿಗೆ ಸರ ಸುತ್ತಿದಳು. ನಾನು ಆಗ ಚಪ್ಪಲಿ ಹುಡುಕುತ್ತಿದ್ದೆ.

ಹೀಗೆ ಸಿದ್ದರಾಜುವಿನ ಎಚ್ಚರಿಕೆ ಹನುಮಂತನ ಆಶೀರ್ವಾದವಾಗಿಬಿಟ್ಟಿತು.

ನಾಲ್ಕನೇ ಜ್ವರ ಎದ್ದ ದಿನ ಮೊದಲ ಲೋಡನ್ನು ತಾನೇ ಹತ್ತಿಸುತ್ತೇನೆಂದು ಚಿಕ್ಕಣ್ಣ ಕೂತ. ಆನೆ ಅವನದಲ್ಲವೇ. ಸರಿ, ಕಲ್ಲು ನಾನು ಹಿಡಿದೆ. ಬೆಳಗಿನ ಬಿಸಿಲು ಆಗಲೇ ಚುರುಕಾಗಿತ್ತು. ಗಾಡಿ ಮಣ್ಣಿನ ಏರನ್ನು ಸಲೀಸಾಗಿ ಹತ್ತಿತು. ಎಂಜಿನ್ನಿನ ಏದುಸಿರು ಇಲ್ಲ, ಹದವಾದ ಗುರುಗುರು. ಹಿಂದೆ ನಡೆಯುತ್ತಿದ್ದ ನನಗೆ ಹಾಡು ಹೇಳಬೇಕು ಅನಿಸಿತು. ಹಾಸುಬಂಡೆಯ ಮಧ್ಯಕ್ಕೆ ಬಂದಾಗ ಚಿಕ್ಕಣ್ಣನಿಗೆ ಏನನಿಸಿತೋ, ಇಷ್ಟು ಚೆನ್ನಾಗಿ ಹತ್ತುವುದು ಇನ್ನೂ ಚೆನ್ನಾಗಿ ಹತ್ತಲಿ ಎಂದು, ನಿಲ್ಲಿಸಿ, ಹೂವಿನ ಲಿವರ್ ಎಳೆದ.

ಗಾಡಿ ಒಂದು ಮಾರು ಹೋಯಿತು. ಆಮೇಲೆ ಅದರ ಮೈಯೆಲ್ಲ ಬಿಗಿಯಿತು. ಮುಂದಿನ ಗಾಲಿಗಳು ಒಂದು ಲೆಕ್ಕ, ಹಿಂದಿನವು ಒಂದು ಲೆಕ್ಕ. ಕೆಸರಾಗಿದ್ದರೆ ಯಾವುದೋ ಒಂದು ಜಾರಿ ರಾಜಿಯಾಗುತ್ತಿತ್ತು, ಬಂಡೆಯ ಮೇಲೆ ಯಾವುದೂ ಜಾರುವುದಿಲ್ಲ. ಟೈರು ಕಿರ್ರೆಂದಿತು, ಗಾಡಿ ಕುಪ್ಪಳಿಸಿತು, ನಿಂತಿತು. ನಾನು ಓಡಿ ಕಲ್ಲು ಕೊಟ್ಟೆ. ಓಡಿ ಅಂದರೆ ನನ್ನ ಓಟ, ನೀವು ಕಲ್ಪಿಸಿಕೊಳ್ಳಿ.

ಚಿಕ್ಕಣ್ಣ ಲಿವರನ್ನು ವಾಪಸ್ ನೂಕಿದ, ಜಗ್ಗಿದ, ಎರಡೂ ಕೈಯಲ್ಲಿ ಎಳೆದ. ಸೇವಂತಿಗೆ ಉದುರಿತು, ಲಿವರ್ ಅಲುಗಲಿಲ್ಲ. ಮೇಲಿನಿಂದ ಜಯ ಕೂಗುತ್ತಿದ್ದಳು.

"ಸೊಪ್ಪು ತತ್ತೀರೋ ಇಲ್ವೋ? ಹುಳ ಎಲ್ಲ ತಲೆ ಎತ್ಕೊಂಡ್ ನೋಡ್ತಾವೆ."

"ಬತ್ತದೆ ಇರಮ್ಮಿ," ಎಂದು ಕೂಗಿದ ಚಿಕ್ಕಣ್ಣ, ನನ್ನ ಮುಖ ನೋಡದೆ. ಸೊಪ್ಪು ಬಿಸಿಲಿಗೆ ಬಾಡಲು ಶುರುವಾಗಿತ್ತು. ಬಾಡಿದ ಸೊಪ್ಪನ್ನು ಹುಳು ಮುಟ್ಟುವುದಿಲ್ಲ.

"ಇಳಿ ಚಿಕ್ಕಣ್ಣ," ಅಂದೆ. ಅವನು ಇಳಿದ. ನಾನು ಮಣೆ ಇಟ್ಟುಕೊಂಡು ಹತ್ತಿ ಕೂತೆ. ಬೆನ್ನು ನೆಟ್ಟಗೆ. ಪೋಸ್ಚರ್. ಮುಂದಕ್ಕೆ ಹೋಗುತ್ತ ಶಾಫ್ಟುಗಳೊಳಗೆ ಸುತ್ತಿಕೊಂಡ ಬಿಗಿ ಹಿಂದಕ್ಕೆ ಹೋದರೆ ಬಿಚ್ಚಿಕೊಳ್ಳುತ್ತದೆ, ಆಗ ಲಿವರ್ ತಾನೇ ಬರುತ್ತದೆ. ಗಡ್ಡದವರು ಎಷ್ಟು ಸಲ ತೋರಿಸಿದ್ದರು.

"ಕಲ್ಲು ತೆಗಿ."

"ತೆಗ್ದ್ರೆ ಗಾಡಿ ಹಿಂದಕ್ಕೆ ಬತ್ತದೆ ಅತ್ಗೆ."

"ಹಿಂದಕ್ಕೇ ಬರಬೇಕು."

ಕನ್ನಡಿಯಲ್ಲಿ ಅವನು ಕಾಣುತ್ತಿದ್ದ. ಗಾಡಿಯ ಕೆಳಗೆ ಇಳಿಜಾರು, ಇಳಿಜಾರಿನ ಕೊನೆಗೆ ಹಳ್ಳ. ಗಾಡಿ ನಿಲ್ಲಿಸುವುದಕ್ಕೆ ಕಲ್ಲು ಕೊಡುವುದು ಅವನಿಗೆ ತಾತನ ಕಾಲದಿಂದ ಗೊತ್ತು. ನಿಂತ ಗಾಡಿಯ ಕಲ್ಲನ್ನು, ಅದೂ ಹಿಂದಕ್ಕೆ ಬರಲಿ ಎಂದು ತೆಗೆಯುವುದನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

"ಪಕ್ಕಕ್ಕೆ ನಿಂತು ತೆಗಿ. ನಾನಿದ್ದೀನಿ," ಅಂದೆ.

ತೆಗೆದ. ರಿವರ್ಸ್ ಹಾಕಿ, ಬ್ರೇಕನ್ನು ಕೂದಲೆಳೆಯಷ್ಟು ಸಡಿಲ ಬಿಟ್ಟೆ. ಗಾಡಿ ಒಂದು ಮೊಳ, ಎರಡು ಮೊಳ ಹಿಂದಕ್ಕೆ ಉರುಳಿತು. ಕೆಳಗೆಲ್ಲೋ ಟಕ್ ಎಂದು ದೊಡ್ಡ ಸದ್ದು. ಚಿಕ್ಕಣ್ಣ ಅಯ್ಯೋ ಅಂದ. ನಾನು ಎರಡು ಬೆರಳಿನಲ್ಲಿ ಲಿವರ್ ತಳ್ಳಿದೆ, ಬೆಣ್ಣೆಯೊಳಗಿನ ಚಮಚದಂತೆ ಬಂತು. ಫಸ್ಟ್ ಹಾಕಿ, ಬರೀ ಹಿಂದಿನ ಗಾಲಿಗಳ ಬಲದಲ್ಲಿ ಬೋರೆಯ ನೆತ್ತಿಗೆ ಹೋಗಿ ನಿಲ್ಲಿಸಿದೆ. ಜಯ ಮೇಲಿನ ಬಾಡಿದ ಸೊಪ್ಪು ತೆಗೆದುಹಾಕಿ ಉಳಿದದ್ದನ್ನು ಒಳಗೆ ಹೊತ್ತಳು. ಸ್ವಲ್ಪ ಹೊತ್ತಿನಲ್ಲೇ ಒಳಗಿನಿಂದ ಮಳೆಯ ಸದ್ದು ಶುರುವಾಯಿತು.

ಇಲ್ಲಿಗೆ ನಾನು ಗೆದ್ದೆ ಎಂದು ನೀವು ಅಂದುಕೊಂಡರೆ ಗಂಡಸರ ವಿಷಯ ನಿಮಗೆ ಗೊತ್ತಿಲ್ಲ. ಚಿಕ್ಕಣ್ಣ ನಾಲ್ಕು ದಿನ ಮಾತಾಡಲಿಲ್ಲ. ಐದನೇ ದಿನ ಮಾತಾಡಿದ್ದು ಜಯಳ ಜೊತೆ, ನನಗೆ ಕೇಳುವ ಹಾಗೆ: "ಒಣಗಿರೋ ಬಂಡೆ ಮೇಲೇ ಇಂಗೆ. ಮಳೇಲಿ ಮಣ್ಣೆಲ್ಲ ಕೆಸರಾಗಿ ಫೋರ್ ವೀಲ್ ಬೇಕೇ ಬೇಕು ಅಂದಾಗ ಏನ್ ಗತಿ? ಮಾಗಡಿಯೋನ್ಗೆ ಹೇಳ್ಬುಡ್ತೀನಿ."

ಹುಳು ಗೂಡು ಕಟ್ಟಲು ಏರಿದ ಮೇಲೆ ಸೊಪ್ಪು ಬೇಡ, ಗಾಡಿಗೂ ಕೆಲಸವಿಲ್ಲ. ಆ ವಾರ ಸಿದ್ದರಾಜು ಫೋನ್ ಮಾಡಿದ, ಮುಂದಿನ ಆಕ್ಸಲ್ಲಿನ ಜೋಡಿ ಸಿಕ್ಕಿದೆ ಎಂದು. ಚಿಕ್ಕಣ್ಣ ರಾಮನಗರದ ಮಾರ್ಕೆಟ್ಟಿನಲ್ಲಿ ಗೂಡಿನ ದರ ವಿಚಾರಿಸಲು ಹೋಗಿದ್ದ. ನಾನು ಬೀಗದ ಕೈ ತೆಗೆದುಕೊಂಡೆ. ತಿರುಗಿ ನೋಡಿದರೆ ಜಯ ಆಗಲೇ ಸೆರಗು ಸಿಕ್ಕಿಸಿಕೊಂಡು ಪಕ್ಕದ ಸೀಟಿನಲ್ಲಿ ಕೂತಿದ್ದಳು, ಕೈಯಲ್ಲಿ ಮನೆಯ ಅರಿಶಿನದ ಡಬ್ಬಿ.

"ಅಂಗಡಿದು ಬಣ್ಣ ಬುಡ್ತದೆ ಅಕ್ಕ. ಇದು ನಾನೇ ಕುಟ್ಟಿದ್ದು," ಅಂದಳು.

ಮುಂದಿನದಕ್ಕೂ ಅರಿಶಿನ ಹಚ್ಚಿ, ಗುರುತು ನೋಡಿ, ಎರಡೂ ಆಕ್ಸಲ್ಲುಗಳಿಗೆ ಸೀಮೆಸುಣ್ಣದ ಗೆರೆ ಎಳೆದು ಎಣಿಸಿದೆವು. ಎರಡೂ ಒಂದೇ ಲೆಕ್ಕ. ಮತ್ತೆ ಕೆಂಗಲ್, ಮತ್ತೆ ನಿಂಬೆಹಣ್ಣು. ಈ ಸಲ ಲಿವರಿಗೆ ದಾರವೂ ಬೇಕಿರಲಿಲ್ಲ, ಹೂವೂ. ಆದರೂ ಜಯ ಹೂವು ಸುತ್ತಿದಳು, ನಾನು ಬೇಡ ಅನ್ನಲಿಲ್ಲ. ಹೊರಡುವಾಗ ಸಿದ್ದರಾಜು ಹಿಂದಿನ ಆಕ್ಸಲ್ಲಿನ ಹಳೇ ಪಿನಿಯನ್ನನ್ನು ಪೇಪರಿನಲ್ಲಿ ಸುತ್ತಿ ಕೊಟ್ಟ. "ಇಟ್ಕಳಿ ಮೇಡಮ್ನೋರೆ. ಗುಜರಿಗೆ ಹಾಕೋಕೆ ಮನ್ಸು ಬರ್ಲಿಲ್ಲ, ಇನ್ನೂ ಒಸಿ ಆಯಸ್ಸೈತೆ."

ಮಳೆ ಬಂತು. ಮುಂದಿನ ಬೆಳೆಯ ಹುಳು ನಾಲ್ಕನೇ ಜ್ವರ ಏಳುವ ಹೊತ್ತಿಗೆ ಸರಿಯಾಗಿ, ಮೂರು ದಿನ ಬಿಡದೆ. ಬೋರೆಯ ದಾರಿಯ ಮಣ್ಣು ಹಲ್ವದಂತೆ ಆಗಿತ್ತು. ಸಂಜೆಯ ಲೋಡಿಗೆ ಟಾರ್ಪಾಲಿನ್ ಕಟ್ಟಿ ನಾನು ಕೂತೆ. ಚಿಕ್ಕಣ್ಣ ತಲೆಗೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಕಲ್ಲು ಎತ್ತಿಕೊಂಡ.

"ಅತ್ಗೆ, ನಿಂತ್ರೆ ಗಾಬ್ರಿಯಾಗ್ಬ್ಯಾಡಿ. ಇಲ್ಲೇ ಇರ್ತೀನಿ," ಅಂದ. ಒಂದು ತಿಂಗಳ ಮೇಲೆ ನನ್ನ ಜೊತೆ ನೇರವಾಗಿ ಆಡಿದ ಮಾತು.

ಲಿವರ್ ಎಳೆದೆ. ಫಸ್ಟ್ ಗೇರ್. ಕ್ಲಚ್ ಬಿಟ್ಟು ಕಾಲನ್ನು ಪೂರ್ತಿ ತೆಗೆದು ಪಕ್ಕಕ್ಕಿಟ್ಟೆ, ಸಿಸ್ಟರ್ ಆಗ್ನೆಸ್ ಎಲ್ಲಿದ್ದರೂ ನೋಡಲಿ ಎಂದು. ಗಾಡಿ ಹೊರಟಿತು. ಓಟವಲ್ಲ, ನಡಿಗೆ. ಬೆನ್ನ ಮೇಲೆ ಭಾರ ಇರುವವರು ಏರು ಹತ್ತುವಾಗ ನಡೆಯುತ್ತಾರಲ್ಲ, ಆ ನಡಿಗೆ. ಮೊದಲ ಏರಿನ ಕೆಸರಿನಲ್ಲಿ ನಾಲ್ಕೂ ಗಾಲಿ ಒಂದೇ ಲೆಕ್ಕದಲ್ಲಿ ಕಚ್ಚಿ ಕಚ್ಚಿ ಮುಂದೆ ಹೋದವು. ಹಾಸುಬಂಡೆಯ ಮೇಲೆ ನೀರು ಹರಿಯುತ್ತಿತ್ತು. ಲೆಕ್ಕ ಒಂದೇ ಆದರೂ ಗಟ್ಟಿ ಬಂಡೆಯ ಮೇಲೆ ಬಿಗಿಯದಿರಲೆಂದು, ಹತ್ತುವ ಮುಂಚೆ ಲಿವರನ್ನು ಬಿಡಿಸಿದೆ, ಹೂವು ಉದುರದ ಹಾಗೆ ಬಂತು. ಬಂಡೆ ದಾಟಿದ ಮೇಲೆ ಮತ್ತೆ ಎಳೆದೆ. ವೈಪರ್ ಅತ್ತಿತ್ತ ಆಡುತ್ತಿತ್ತು. ನಮ್ಮ ಯಜಮಾನರು ಇದ್ದಿದ್ದರೆ ಈ ತಿರುವಿನಲ್ಲಿ ಲೊಚಗುಟ್ಟುತ್ತಿದ್ದರು ಎಂದು ನೆನಪಾಗಿ, ಯಾರೂ ಇಲ್ಲವಲ್ಲ ಎಂದು ನಾನೇ ಒಮ್ಮೆ ಲೊಚಗುಟ್ಟಿದೆ.

ತಿರುವು ಕಳೆದ ಮೇಲೆ ಕನ್ನಡಿ ನೋಡಿದೆ. ಮಳೆಯ ನೀರು ಇಳಿಯುವ ಕನ್ನಡಿಯಲ್ಲಿ ಚಿಕ್ಕಣ್ಣ ಸ್ವಲ್ಪ ಹಿಂದೆ ಬಿದ್ದಿದ್ದ, ಕಲ್ಲನ್ನು ಎದೆಗೆ ಅವಚಿಕೊಂಡು ಕೆಸರಿನಲ್ಲಿ ಕಾಲೆತ್ತಿ ಇಡುತ್ತಿದ್ದ. ಕೊನೆಯ ಏರು ಇನ್ನೂ ಉಳಿದಿತ್ತು. ಅವನು ನಿಂತ. ಗಾಡಿಯನ್ನೇ ಒಂದು ಗಳಿಗೆ ನೋಡಿದ. ಆಮೇಲೆ ಬಗ್ಗಿ, ಕಲ್ಲನ್ನು ದಾರಿಯ ಪಕ್ಕದ ಲಂಟಾನ ಪೊದೆಯ ಬುಡದಲ್ಲಿ ಇಟ್ಟು, ಎರಡೂ ಕೈಯನ್ನು ಪಂಚೆಗೆ ಒರೆಸಿಕೊಂಡು, ಬರೀ ಕೈಯಲ್ಲಿ ಹತ್ತಿ ಬಂದ.

ಮೇಲೆ ಜಯ ಟಾರ್ಪಾಲಿನ್ ಬಿಚ್ಚುತ್ತಿದ್ದಳು. ಚಿಕ್ಕಣ್ಣ ಕೊಪ್ಪೆ ಒದರಿ, ಆನೆಯ ಟೈರಿಗೆ ಅಂಟಿದ ಕೆಸರನ್ನು ಕಡ್ಡಿಯಲ್ಲಿ ಕೆರೆಯುತ್ತ, ನನ್ನ ಕಡೆ ನೋಡದೆ ಕೇಳಿದ.

"ನಾಳೀಕೆ ಬೆಳಿಗ್ಗೆ ಸೊಪ್ಪಿಗೆ ಎಷ್ಟೊತ್ಗೆ ಗಾಡಿ ತತ್ತೀರಿ ಅತ್ಗೆ?"